ಪರಿಮಳಕ್ಕೆ ಒಡೆಯರಾರು?

ಸುಗಂಧದ್ರವ್ಯವನ್ನು ಕೊಳ್ಳಲು ಪೇಟೆಗೆ ಹೋದವರನ್ನು ಅಂಗಡಿಯವನು ಮೊತ್ತಮೊದಲು ಕೇಳುವ ಪ್ರಶ್ನೆ, ಅದು ಗಂಡಸರಿಗೆ ಬೇಕೋ ಹೆಂಗಸರಿಗೆ ಬೇಕೋ ಎಂಬುದು. ಕೊಳ್ಳುವವರೂ ಈ ಪ್ರಶ್ನೆಯನ್ನು ಸಹಜವಾದುದೆಂದೇ ಭಾವಿಸಿ ಉತ್ತರ ಹೇಳುತ್ತಾರೆ. ಪಾದರಕ್ಷೆಯ ವಿಷಯದಲ್ಲಾದರೆ ಈ ಪ್ರಶ್ನೆಗೆ ಕಾಲಿನ ಅಳತೆಯ ಆಧಾರವಾದರೂ ಉಂಟು. ಪರಿಮಳಕ್ಕೆ ಅಂಥ ಅಳತೆ ಯಾವುದು? ಹೀಗಿದ್ದರೂ ಒಂದು ಸೀಸೆಯ ಮೇಲೆ ಇದು ಪುರುಷರದೆಂದೂ ಇನ್ನೊಂದರ ಮೇಲೆ ಇದು ಸ್ತ್ರೀಯರದೆಂದೂ ಅಚ್ಚಾಗಿರುತ್ತದೆ. ಈಚೆಗೆ ಮೂರನೆಯದೊಂದು ವರ್ಗವೂ ಹುಟ್ಟಿಕೊಂಡು, ಅದರ ಮೇಲೆ ಇಬ್ಬರಿಗೂ ಸಲ್ಲತಕ್ಕದ್ದೆಂಬ ಬರಹವಿರುತ್ತದೆ. ಈ ಮೂರನೆಯ ಬರಹವನ್ನು ಕಂಡು ಇದೊಂದು ನವೀನವಾದ ಔದಾರ್ಯವೆಂದು ಮೆಚ್ಚುವವರೂ ಇದ್ದಾರೆ, ಕಾಲ ಕೆಟ್ಟಿತೆಂದು ನಿಡುಸುಯ್ಯುವವರೂ ಇದ್ದಾರೆ. ಎರಡು ಪಕ್ಷದವರೂ ಮರೆತಿರುವ ಸಂಗತಿಯೆಂದರೆ, ನಮ್ಮ ದೇಶದಲ್ಲಿ ಪರಿಮಳದ ಮೇಲೆ ಹಾಗೊಂದು ಬರಹ ಬೇಕೆಂದು ಬಹುಕಾಲ ಯಾರಿಗೂ ತೋರಿರಲಿಲ್ಲವೆಂಬುದು. ಬೇಲಿಯೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಬೇಲಿಯನ್ನು ಹಾಕಿದ್ದ ಸ್ಥಳ ಬೇರೆ. ಅದನ್ನು ಮುಂದೆ ವಿಚಾರಿಸೋಣ.

ಮಾತು ಬರಿಯ ಗಾಳಿಯಲ್ಲಿ ತೇಲದಿರಲೆಂದು ಒಂದು ದ್ರವ್ಯವನ್ನು ಮುಂದಿಟ್ಟುಕೊಳ್ಳುವುದು ಮೇಲು. ಉತ್ತರಪ್ರದೇಶದ ಕನೌಜ್ ಪಟ್ಟಣದಲ್ಲಿ, ಎಂದರೆ ಹರ್ಷವರ್ಧನನ ಹೆಸರಿನೊಡನೆ ನಮಗೆ ಪರಿಚಿತವಾದ ಕಾನ್ಯಕುಬ್ಜದಲ್ಲಿ, ಅತ್ತರು ತೆಗೆಯುವ ಕಸುಬಿನ ಮನೆತನಗಳು ಬಹುಕಾಲದಿಂದ ನೆಲಸಿವೆ. ಅವರು ಇಳಿಸುವ ಅತ್ತರುಗಳಲ್ಲಿ ಗುಲಾಬಿ, ಕೇದಗೆ, ಮಲ್ಲಿಗೆ ಮೊದಲಾದವು ಒಂದೊಂದು ಹೂವಿನವು. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಯನ್ನು ಹಿಡಿದಿಡುವುದೂ ಒಂದುಂಟು. ಇವೆಲ್ಲಕ್ಕಿಂತ ಬೇರೆಯಾದುದು 'ಶಮಾಮ' ಎಂಬುದು. ಇದರಲ್ಲಿ ಹೂವಿಗೆ ಪ್ರಾಧಾನ್ಯವಿಲ್ಲ. ಸಂಬಾರಕ್ಕೂ ಬೇರುನಾರಿಗೂ ಪ್ರಾಧಾನ್ಯ. ಏಲಕ್ಕಿ, ಲವಂಗ, ಜಾಯಿಕಾಯಿ, ಜಾಪತ್ರೆ, ಕೇಸರಿ, ಜಟಾಮಾಂಸಿ, ಭದ್ರಮುಷ್ಟಿ, ಬಂಡೆಗಳ ಮೇಲೆ ಹಬ್ಬುವ ಕಲ್ಲುಹೂವು, ಇಂಥ ಹತ್ತಾರು ವಸ್ತುಗಳು ಇದಕ್ಕೆ ಸೇರುತ್ತವೆ. ಯಾವುದು ಎಷ್ಟು, ಯಾವುದು ಮೊದಲು ಎಂಬುದನ್ನು ಒಂದೊಂದು ಮನೆತನದವರು ಒಂದೊಂದು ಬಗೆಯಾಗಿ ಗುಟ್ಟಿನಲ್ಲಿಟ್ಟುಕೊಂಡಿರುತ್ತಾರೆ. ಸರಕನ್ನು ನೀರಿನೊಡನೆ ತಾಮ್ರದ ಹಂಡೆಗೆ ಹಾಕಿ, ಬಾಯನ್ನು ಜೇಡಿಮಣ್ಣಿನಿಂದ ಮೆತ್ತಿ, ಅಡಿಯಲ್ಲಿ ಸೌದೆಯ ಉರಿ ಇಡುತ್ತಾರೆ. ಮೇಲೇಳುವ ಆವಿಯು ಹಗ್ಗ ಸುತ್ತಿದ ಬಿದಿರಿನ ಕೊಳವೆಯ ಮೂಲಕ ಇಳಿದು, ತಣ್ಣೀರಿನ ತೊಟ್ಟಿಯಲ್ಲಿ ಕುಳಿತಿರುವ ಇನ್ನೊಂದು ತಾಮ್ರದ ಪಾತ್ರೆಯನ್ನು ಸೇರುತ್ತದೆ. ಆ ಪಾತ್ರೆಯೊಳಗೆ ಮೊದಲೇ ಶ್ರೀಗಂಧದ ಎಣ್ಣೆಯನ್ನು ಹಾಕಿರುವುದು ಸಂಪ್ರದಾಯ. ಪರಿಮಳವು ಎಣ್ಣೆಯಲ್ಲಿ ಉಳಿಯುತ್ತದೆ. ನೀರನ್ನು ಬಸಿದು ತೆಗೆಯುತ್ತಾರೆ. ಹೀಗೆ ದಿನಗಟ್ಟಲೆ ನಡೆಯಬೇಕು.

ಈ ಶ್ರೀಗಂಧದ ಎಣ್ಣೆಯ ಮೂಲಕ ಕನೌಜಿನ ಕೆಲಸಕ್ಕೂ ನಮ್ಮ ನಾಡಿಗೂ ಒಂದು ನಂಟು. ಗಂಧದ ಮರದ ತವರು ನಮ್ಮದು. ಮೊದಲನೆಯ ಮಹಾಯುದ್ಧದಲ್ಲಿ ಗಂಧದ ಕೊರಡು ಯೂರೋಪಿಗೆ ಹೋಗುವ ದಾರಿ ಕಟ್ಟಿಹೋದಾಗ, ಮೈಸೂರು ಸಂಸ್ಥಾನದವರು ೧೯೧೬ರಲ್ಲಿ ಬೆಂಗಳೂರಿನಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆಯನ್ನು ಆರಂಭಿಸಿದರು. ಈಗಲಾದರೋ ಗಂಧದೆಣ್ಣೆ ಬಲು ದುಬಾರಿಯಾಗಿರುವುದರಿಂದ ಅನೇಕರು ಅದರ ಸ್ಥಾನದಲ್ಲಿ ದ್ರವ ಪ್ಯಾರಫಿನ್ ಎಂಬ ವಾಸನೆಯಿಲ್ಲದ ಎಣ್ಣೆಯನ್ನು ಹಾಕುತ್ತಾರೆ. ಅಂಥದನ್ನೂ ಶಮಾಮವೆಂದೇ ಮಾರುತ್ತಾರೆ. ನಾನು ಮುಂದೆ ಹೇಳುವುದು ಗಂಧದ ಆಸರೆಯಿರುವ ಶಮಾಮದ ಮಾತು.

ಅದನ್ನು ಸೀಸೆಯ ಬಾಯಲ್ಲಿ ಮೂಸಿದವರಿಗೆ ಅದರ ಗುಣ ತಿಳಿಯುವುದಿಲ್ಲ. ಮೊದಲ ಬಾರಿಗೆ ಅದು ಪರಿಮಳವೆಂದೇ ತೋರುವುದು ಕಷ್ಟ. ಅಳಲೆಕಾಯಿ ಪಂಡಿತನ ಪೆಟ್ಟಿಗೆಯನ್ನು ತೆರೆದಂತಾಗುತ್ತದೆ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಕಡ್ಡಿಯ ತುದಿಯಷ್ಟನ್ನು ಮುಟ್ಟಿಸಿ, ಒರಸದೆ ಉಜ್ಜದೆ ಬಿಟ್ಟು ಕಾಯಬೇಕು. ಮೊದಲ ಕೆಲವು ನಿಮಿಷ ಏಲಕ್ಕಿಯ ತಂಪೂ ಲವಂಗದ ಚುರುಕೂ ಮುಂದೆ ಬಂದು ಮೂಗನ್ನು ಚುಚ್ಚುತ್ತವೆ. ಕಷಾಯದ ಕಹಿಯ ನೆರಳೂ ಒಂದಿರುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಆ ಖಾರವು ಮೆತ್ತಗಾಗಿ ಅದರ ಒಳಗಿನಿಂದ ಸಿಹಿಯೊಂದು ಏಳುತ್ತದೆ. ಹಬ್ಬದ ದಿನ ನಡುಹಗಲಿನಲ್ಲಿ ಅಡಿಗೆಮನೆಯ ಬಾಗಿಲ ಬಳಿ ನಿಂತವರಿಗೆ, ಬೆಲ್ಲದ ಪಾಕಕ್ಕೆ ಏಲಕ್ಕಿ ಬಿದ್ದ ಹೊತ್ತಿನಲ್ಲಿ, ಬರುವ ವಾಸನೆ ಯಾವುದೋ ಅದಕ್ಕೆ ಹತ್ತಿರದ ಸಿಹಿ. ಕೇಸರಿಯದು ಅದಕ್ಕೆ ಜೇನಿನ ಛಾಯೆಯನ್ನು ಕೊಡುತ್ತದೆ. ಎರಡು ಮೂರು ಗಂಟೆಗಳ ಮೇಲೆ ಸಿಹಿಯು ಹಿಂದೆ ಸರಿದು, ಕಲ್ಲುಹೂವಿನ ಮಬ್ಬಾದ ಕಾಡುವಾಸನೆ, ಭದ್ರಮುಷ್ಟಿಯ ಮಣ್ಣುವಾಸನೆ ತಲೆಯೆತ್ತುತ್ತವೆ. ಮರುದಿನ ಬೆಳಗ್ಗೆ ಅದೇ ಕೈಯನ್ನು ಮೂಸಿದರೆ ಬರಿಯ ಗಂಧದ ಒಂದು ಎಳೆ ಉಳಿದಿರುತ್ತದೆ. ನಿನ್ನೆ ಹಚ್ಚಿದುದು ಇದೇ ಎಂದು ಆಣೆಯಿಟ್ಟು ಹೇಳಿದರೂ ನಂಬುವುದು ಕಷ್ಟ.

ಇದಕ್ಕೆ ರಸಾಯನಶಾಸ್ತ್ರಜ್ಞರು ಕೊಡುವ ಕಾರಣ ಸರಳವಾದುದು. ಹಗುರವಾದ ಅಣುಗಳು ಮೈಯ ಬಿಸಿಗೆ ಬೇಗ ಹಾರಿಹೋಗುತ್ತವೆ, ಏಲಕ್ಕಿಯವು ಅಂಥವು. ಲವಂಗದ ಯೂಜಿನಾಲ್ ಎಂಬುದು ಅದಕ್ಕಿಂತ ನಿಧಾನ. ಗಂಧದ ಸ್ಯಾಂಟಲಾಲ್ ಎಲ್ಲಕ್ಕಿಂತ ಭಾರ, ಕೊನೆಯವರೆಗೆ ಕಾದಿರುತ್ತದೆ. ಈ ಕಾರಣವು ಎಲ್ಲವನ್ನೂ ಹೇಳಿಬಿಡುವುದೆಂದು ಮಾತ್ರ ತೋರುವುದಿಲ್ಲ. ಸಿಹಿಯೆಂಬುದನ್ನೇ ತೆಗೆದುಕೊಳ್ಳಿ. ಶಮಾಮದಲ್ಲಿ ಸಕ್ಕರೆಯ ಕಣವೂ ಇಲ್ಲ. ಸಿಹಿ ಎಂಬುದು ನಾಲಗೆಯ ಮಾತು. ಮೂಗು ಅದನ್ನು ಕಡವಾಗಿ ತಂದಿದೆ. ಹುಟ್ಟಿದಂದಿನಿಂದ ಏಲಕ್ಕಿಯನ್ನೂ ಕೇಸರಿಯನ್ನೂ ಪಾಯಸದೊಡನೆ, ಹೋಳಿಗೆಯೊಡನೆ ಕಂಡ ನಮಗೆ ಅವುಗಳ ವಾಸನೆಯೇ ಸಿಹಿ. ಯೂರೋಪಿನವರಿಗೆ ಈ ಕೆಲಸವನ್ನು ವೆನಿಲ್ಲಾ ಮಾಡಿಕೊಡುತ್ತದೆ. ೧೮೭೪ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬವರು ಅದರ ಸಾರವಾದ ವೆನಿಲಿನ್ನನ್ನು ಕೃತಕವಾಗಿ ತಯಾರಿಸಿದ ಮೇಲೆ ಅಲ್ಲಿಯ ಸುಗಂಧಗಳಿಗೆ ಸಿಹಿಯ ಹೊಳೆಯೇ ಹರಿದುಬಂತು. ಲವಂಗವನ್ನು ಮಾಂಸದ ಅಡಿಗೆಯಲ್ಲಿ ಮಾತ್ರ ಕಂಡವನಿಗೆ ಶಮಾಮದ ಲವಂಗ ಊಟದ ಮನೆಯನ್ನು ನೆನಪಿಗೆ ತರಬಹುದು. ಹಲ್ಲುನೋವಿಗೆ ಹಚ್ಚಿಕೊಂಡವನಿಗೆ ವೈದ್ಯನನ್ನು. ಪರಿಮಳದ ಸಿಹಿ ಕಹಿಗಳಲ್ಲಿ ಅರ್ಧದಷ್ಟಾದರೂ ನಾವು ಬೆಳೆದ ಮನೆಯ ಕಾಣಿಕೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಿಹಿಯ ವಿಷಯದಲ್ಲಿ ಹೀಗಿರುವಲ್ಲಿ, ಗಂಡುತನ ಹೆಣ್ಣುತನಗಳು ಮಾತ್ರ ಪರಿಮಳದ ಒಡಲಲ್ಲಿಯೇ ಹುಟ್ಟಿಬಂದಿವೆಯೆಂದು ಹೇಗೆ ನಂಬೋಣ? ಅಡಿಗೆಯ ಮನೆ ಒಂದನ್ನು ಕಲಿಸಿತು, ಅಂಗಡಿ ಇನ್ನೊಂದನ್ನು ಕಲಿಸಿತು.

ಮೈಯ ಮಾತೂ ಹೀಗೆಯೇ. ಒಂದೇ ಸೀಸೆಯಿಂದ ಅಣ್ಣನೂ ತಂಗಿಯೂ ಹಚ್ಚಿಕೊಂಡರೆ ಇಬ್ಬರಲ್ಲಿಯೂ ಅದು ಒಂದೇ ರೀತಿಯಾಗಿ ಮಾತನಾಡುವುದಿಲ್ಲ. ಜಿಡ್ಡಿನ ಚರ್ಮ ಪರಿಮಳವನ್ನು ಹೆಚ್ಚುಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಒಣಚರ್ಮದಲ್ಲಿ ಸಿಹಿಯ ಘಟ್ಟ ಬೇಗ ಮುಗಿದುಹೋಗುತ್ತದೆ. ಈ ಭೇದ ವ್ಯಕ್ತಿವ್ಯಕ್ತಿಗೆ ಇರತಕ್ಕದ್ದು. ಒಬ್ಬ ಗಂಡಸಿಗೂ ಇನ್ನೊಬ್ಬ ಗಂಡಸಿಗೂ ಇರುವ ವ್ಯತ್ಯಾಸ ಎಷ್ಟೋ ವೇಳೆ ಅಣ್ಣತಂಗಿಯರ ವ್ಯತ್ಯಾಸಕ್ಕಿಂತ ದೊಡ್ಡದಾಗಿರಬಹುದು. ಮೂಸುವವರಲ್ಲಿಯೂ ಭೇದಗಳುಂಟು. ಕಸ್ತೂರಿಯ ಜಾತಿಯ ಕೆಲವು ವಾಸನೆಗಳು ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ಅವರಿಗೆ ಬೇರೆ ವಾಸನೆಗಳೆಲ್ಲ ಸರಿಯಾಗಿಯೇ ತಿಳಿಯುತ್ತವೆ.

ಹಾಗಾದರೆ ಕಟ್ಟಕಡೆಗೆ ಈ ಪರಿಮಳ ಯಾರದು? ಎಣ್ಣೆಯದೆ, ಮೈಯದೆ, ಮೂಗಿನದೆ? ನಮ್ಮ ತಾರ್ಕಿಕರು ಗಂಧವು ಪೃಥಿವಿಯ ವಿಶೇಷಗುಣವೆಂದು ನಿರ್ಣಯಿಸಿ, ಅದನ್ನು ಸುರಭಿ, ಅಸುರಭಿ ಎಂದು ಎರಡೇ ಬಗೆಯಾಗಿ ವಿಂಗಡಿಸಿದರು. ಗಂಡು ಹೆಣ್ಣೆಂಬ ವಿಭಾಗ ಅವರಿಗೆ ಹೊಳೆಯಲೇ ಇಲ್ಲ. ಗಾಳಿಯಲ್ಲಿ ನಮಗೆ ತೋರುವ ವಾಸನೆ ಗಾಳಿಯದಲ್ಲವೆಂದೂ ಅದರೊಡನೆ ಬಂದ ಪಾರ್ಥಿವ ಕಣಗಳದೆಂದೂ ಅವರು ವಾದಿಸಿದರು. ಈ ಅಂಶದಲ್ಲಿ ಇಂದಿನ ವಿಜ್ಞಾನವು ಅವರ ಮಾತಿಗೆ ಬಹುಮಟ್ಟಿಗೆ ಹತ್ತಿರದಲ್ಲಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನು ಅಣುವೇ ಎಂಬ ಚರ್ಚೆ ನಡೆಯುವಾಗಲೂ, ಗುಣವು ತನ್ನ ಆಶ್ರಯವನ್ನು ಮೀರಿ ಹರಡಬಲ್ಲುದೇ ಎಂಬ ಪ್ರಶ್ನೆಗೆ ದೃಷ್ಟಾಂತವಾಗಿ ಬರುವುದು ಗಂಧವೇ. ದೀಪದ ಪಕ್ಕದಲ್ಲಿ ಗಂಧಕ್ಕೂ ಆ ಗೌರವ ದೊರೆತುದು ಸುಮ್ಮನೆ ಅಲ್ಲ. ಹೂವು ಇಲ್ಲಿದೆ, ಅದರ ಗುಣ ಅಲ್ಲಿ ತಿಳಿಯುತ್ತದೆ. ಮನುಷ್ಯನ ವಿಷಯದಲ್ಲಿ ಇದು ಇನ್ನೂ ವಿಚಿತ್ರ: ಹಚ್ಚಿಕೊಂಡವನು ಇಲ್ಲಿ, ಪರಿಮಳವನ್ನು ಅನುಭವಿಸುವವನು ಅಲ್ಲಿ.

ಪ್ರಸಂಗವಶಾತ್ ವ್ಯಾಕರಣದ ಒಂದು ಮಾತು. ಸಂಸ್ಕೃತದಲ್ಲಿ ಗಂಧಶಬ್ದ ಪುಲ್ಲಿಂಗ. ಹಿಂದಿಯಲ್ಲಿ ಅತ್ತರು ಗಂಡು, ಅದರಿಂದ ಹೊರಡುವ ಖುಷಬೂ ಹೆಣ್ಣು. ಕನ್ನಡದಲ್ಲಿ ಮಾತ್ರ ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಮಿಕ್ಕುದೆಲ್ಲ ನಪುಂಸಕ, ಪರಿಮಳವು 'ಅದು'. ನಮ್ಮ ಭಾಷೆಯಷ್ಟು ವಿವೇಕ ನಮ್ಮ ಅಂಗಡಿಗಳಿಗೂ ಇದ್ದಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ವಾತ್ಸ್ಯಾಯನನು ಚಿತ್ರಿಸಿದ ನಾಗರಿಕನು ಬೆಳಗ್ಗೆ ಎದ್ದು ಅನುಲೇಪನ, ಧೂಪ, ಮಾಲೆಗಳಿಲ್ಲದೆ ಹೊರಡತಕ್ಕವನಲ್ಲ. ಅದೇ ಗ್ರಂಥದಲ್ಲಿ ಗಂಧಯುಕ್ತಿಯು ಅರುವತ್ತುನಾಲ್ಕು ಕಲೆಗಳಲ್ಲಿ ಒಂದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟು, ಹದಿನಾರು ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿದರೆ ೧೮೨೦ ಬಗೆಗಳಾಗುತ್ತವೆಂದು ಲೆಕ್ಕ ಕೊಟ್ಟಿದ್ದಾನೆ. ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳನ್ನು ಎಣಿಸುವಾಗ ವಿಲೇಪನ, ಧೂಪಗಳು ಸ್ನಾನ ತಾಂಬೂಲಗಳ ಸಾಲಿನಲ್ಲಿಯೇ ಬರುತ್ತವೆ. ಜಹಾಂಗೀರನು ತನ್ನ ಆತ್ಮಕಥೆಯಲ್ಲಿ, ಗುಲಾಬಿಯ ಅತ್ತರನ್ನು ಕಂಡುಹಿಡಿದವಳು ನೂರ್‌ಜಹಾನಳ ತಾಯಿಯೆಂದು ಬರೆದು ಅದನ್ನು ಮನಸಾರೆ ಹೊಗಳಿದ್ದಾನೆ. ಹೆಂಗಸು ಕಂಡುಹಿಡಿದುದು ಗಂಡಸಿಗೆ ಒಗ್ಗುವುದೇ ಎಂಬ ಸಂಶಯ ಅವನಿಗೆ ಬರಲಿಲ್ಲ. ಭಾಗ ಮಾಡಬೇಕೆಂದು ಬಂದಾಗ ಹಿರಿಯರು ಋತುವನ್ನು ಹಿಡಿದು ಭಾಗ ಮಾಡಿದರು: ಹೇಮಂತದಲ್ಲಿ ಕುಂಕುಮಕೇಸರಿ, ಕಸ್ತೂರಿ, ಅಗರು; ಗ್ರೀಷ್ಮದಲ್ಲಿ ಚಂದನ. ವಾಗ್ಭಟನ ಋತುಚರ್ಯೆ ಇದೇ ಮೇರೆಯದು. ಇಂದಿಗೂ ಉತ್ತರದಲ್ಲಿ ಶಮಾಮವನ್ನು ಚಳಿಗಾಲಕ್ಕೂ ಲಾವಂಚದ ಅತ್ತರನ್ನು ಬೇಸಗೆಗೂ ಇಟ್ಟುಕೊಳ್ಳುವುದು ವಾಡಿಕೆ. ಯೂರೋಪಿನಲ್ಲಿಯೂ ನೆಪೋಲಿಯನ್ನನು ಕೊಲೋನಿನ ಸುಗಂಧಜಲವನ್ನು ಧಾರಾಳವಾಗಿ ಸುರಿದುಕೊಳ್ಳುತ್ತಿದ್ದವನೇ. ಪ್ಯಾರಿಸಿನ ಗೆರ್ಲಾನ್ ಮನೆಯವರು ೧೮೮೯ರಲ್ಲಿ ಹೊರತಂದ 'ಜಿಕಿ' ಎಂಬುದನ್ನು ಗಂಡಸರೂ ಹೆಂಗಸರೂ ಬಳಸಿದರು. ಮುಂದೆ ಎರಡು ಅಂಗಡಿಸಾಲುಗಳಾದವು. ೧೯೯೪ರಲ್ಲಿ ಅಮೆರಿಕದ ಕ್ಯಾಲ್ವಿನ್ ಕ್ಲೈನ್ ಸಂಸ್ಥೆಯವರು ಇಬ್ಬರಿಗೂ ಒಂದೇ ಎಂದು ಸಾರಿ ಒಂದು ಸೀಸೆಯನ್ನು ಮಾರಿದಾಗ ಲೋಕವು ಅದನ್ನು ಹೊಸದೆಂದು ಕೊಂಡಾಡಿತು.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ನಮ್ಮ ಹಿರಿಯರು ಬಹಳ ಉದಾರಿಗಳೆಂದು ಹೆಮ್ಮೆಪಡಬಹುದಾಗಿತ್ತು. ಹಾಗೆ ನಿಲ್ಲಿಸುವುದು ನ್ಯಾಯವಲ್ಲ. ನಾವು ಪರಿಮಳವನ್ನು ಗಂಡುಹೆಣ್ಣುಗಳಿಗೆ ಹಂಚಲಿಲ್ಲ. ಭೋಗಕ್ಕೆ ಅಧಿಕಾರವುಳ್ಳವರು, ಅಧಿಕಾರವಿಲ್ಲದವರು ಎಂದು ಹಂಚಿದೆವು. ಬ್ರಹ್ಮಚಾರಿಯು ಗಂಧಮಾಲ್ಯಗಳನ್ನು ಬಿಡತಕ್ಕದ್ದೆಂದು ಮನುಸ್ಮೃತಿ ವಿಧಿಸುತ್ತದೆ. ಅದು ಕೆಲವು ವರ್ಷಗಳ ವ್ರತ, ಗೃಹಸ್ಥನಾದೊಡನೆ ತೀರುತ್ತದೆ. ಸಂನ್ಯಾಸಿಯು ಬಿಡುವುದು ತಾನಾಗಿ ಬಿಡುವುದು. ಗಂಡನನ್ನು ಕಳೆದುಕೊಂಡವಳ ಪಾಡಾದರೋ ಬೇರೆ. ಅವಳು ಏನನ್ನೂ ಬಿಟ್ಟವಳಲ್ಲ, ಅವಳಿಂದ ಬಿಡಿಸಿದರು. ಅದಕ್ಕೆ ಅವಧಿಯೂ ಇರಲಿಲ್ಲ. ಹದಿನಾರರಲ್ಲಿ ವಿಧವೆಯಾದವಳಿಗೆ ಎಂಬತ್ತರವರೆಗೆ ಹೂವಿಲ್ಲ, ಅರಿಸಿನಕುಂಕುಮವಿಲ್ಲ, ಗಂಧವಿಲ್ಲ. ಅದೇ ವಯಸ್ಸಿನಲ್ಲಿ ಹೆಂಡತಿಯನ್ನು ಕಳೆದುಕೊಂಡವನು ವರ್ಷ ತುಂಬುವ ಮೊದಲೇ ಮದುವೆಯ ಚಪ್ಪರದಲ್ಲಿ ಅತ್ತರು ಹಚ್ಚಿಕೊಂಡು ಕುಳಿತಿರಬಹುದಾಗಿತ್ತು.

ನಮ್ಮ ಮನೆಯಲ್ಲಿ ನನ್ನ ತಂದೆಯ ಸೋದರತ್ತೆಯೊಬ್ಬರಿದ್ದರು. ನಾನು ಹುಡುಗನಾಗಿದ್ದಾಗ ಅವರಿಗೆ ಎಪ್ಪತ್ತು ದಾಟಿತ್ತು. ದೇವರ ಪೂಜೆಗೆ ಗಂಧ ತೇಯುವ ಕೆಲಸ ಅವರದು. ಬೆಳಗಿನ ಜಾವದಲ್ಲಿ ಮಡಿಯುಟ್ಟು, ಸಾಣೆಕಲ್ಲಿನ ಮುಂದೆ ಕುಳಿತು, ಕೊರಡನ್ನು ತಿರುವಿ ತಿರುವಿ ತೇದು, ಬೆಣ್ಣೆಯಂಥ ಗಂಧವನ್ನು ಬಟ್ಟಲಿಗೆ ತೆಗೆದಿಡುವರು. ಪೂಜೆಯಾದ ಮೇಲೆ ಉಳಿದ ಗಂಧ ಗಂಡಸರ ಹಣೆಗೆ, ಮಕ್ಕಳ ಎದೆಗೆ, ಮುತ್ತೈದೆಯರ ಕತ್ತಿಗೆ ಹೋಗುತ್ತಿತ್ತು. ಅವರು ಕೈ ತೊಳೆದುಕೊಂಡು ಒಳಗೆ ಹೋಗುವರು. ಆದರೆ ಶ್ರೀಗಂಧದ ಸ್ವಭಾವವನ್ನು ಆಗಲೇ ಹೇಳಿದೆನಷ್ಟೆ; ನೀರಿಗೆ ಹೋಗುವುದಲ್ಲ ಅದು. ಸಂಜೆ ನಮಗೆ ಕಥೆ ಹೇಳುತ್ತ ತಲೆ ನೇವರಿಸುವಾಗ ಆ ಬೆರಳುಗಳಲ್ಲಿ ಗಂಧದ ವಾಸನೆ ಬರುತ್ತಿತ್ತು. ಆ ಮನೆಯಲ್ಲಿ ದಿನವೆಲ್ಲ ಗಂಧದ ವಾಸನೆಯನ್ನು ಹೊತ್ತಿರುತ್ತಿದ್ದವರು, ಅದನ್ನು ಹಚ್ಚಿಕೊಳ್ಳಲು ಅಧಿಕಾರವಿಲ್ಲದ ಅವರೊಬ್ಬರೇ. ಅವರಿಗೆ ಅದು ತಿಳಿದಿತ್ತೋ ಇಲ್ಲವೋ ನಾವು ಕೇಳಲಿಲ್ಲ.

ಈ ನಿರ್ಬಂಧ ಈಗ ಬಹುಮಟ್ಟಿಗೆ ಸಡಿಲವಾಗಿದೆಯೆಂಬುದು ನಿಜ. ಆದರೂ ಮದುವೆಯ ಮನೆಯ ಬಾಗಿಲಲ್ಲಿ ಪನ್ನೀರುದಾನಿಯನ್ನು ಹಿಡಿದು ನಿಂತ ಹುಡುಗಿ, ಕೆಲವರ ಮುಂದೆ ಬಂದಾಗ ಕೈಯನ್ನು ಒಂದು ಕ್ಷಣ ತಡೆಯುವುದನ್ನು ನಾನು ಈಗಲೂ ಕಾಣುತ್ತೇನೆ. ಅವಳು ತಡೆಯುವ ಮೊದಲೇ ಆ ಕೆಲವರು ತಾವಾಗಿ ಬದಿಗೆ ಸರಿದುಬಿಡುವುದು ಅದಕ್ಕಿಂತ ಹೆಚ್ಚು ನೋವಿನ ನೋಟ. ಸೀಸೆಯ ಮೇಲೆ ಅಚ್ಚಾದ 'ಇಬ್ಬರಿಗೂ' ಎಂಬ ಮಾತು ಈ ಕೈಯನ್ನು ಮುಟ್ಟಿಲ್ಲ. ಅಂಗಡಿಯ ಬೇಲಿಯನ್ನು ದಾಟುವುದು ಸುಲಭ, ಬೆಲೆ ಕೊಟ್ಟರೆ ಮುಗಿಯಿತು. ಪಂಕ್ತಿಯ ಬೇಲಿಯನ್ನು ದಾಟುವುದಕ್ಕೆ ನಾಲ್ವರ ಕಣ್ಣನ್ನು ದಾಟಬೇಕು.

ಇನ್ನು ಎದುರುಪಕ್ಷದ ಒಂದು ಬಲವಾದ ಆಕ್ಷೇಪವಿದೆ. ಅದನ್ನು ಎತ್ತಿದವನು ಜರ್ಮನಿಯ ತತ್ತ್ವಜ್ಞಾನಿ ಕಾಂಟ್. ೧೭೯೦ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು ಸಂಗೀತವು ನೆರೆಹೊರೆಗೆ ಕೊಡುವ ಉಪದ್ರವವನ್ನು ಹೇಳುತ್ತ, ಸುಗಂಧ ಹಾಕಿದ ಕರವಸ್ತ್ರವನ್ನು ಸಭೆಯಲ್ಲಿ ಕೊಡವುವವನನ್ನು ಅದಕ್ಕೆ ಹೋಲಿಸುತ್ತಾನೆ. ನೋಡಲು ಇಷ್ಟವಿಲ್ಲದವನು ಕಣ್ಣನ್ನು ತಿರುಗಿಸಬಹುದು. ಉಸಿರಾಡುವವನು ಮೂಗನ್ನು ಎಲ್ಲಿಗೆ ತಿರುಗಿಸಿಯಾನು? ಆದಕಾರಣ ಪರಿಮಳ ಹಚ್ಚಿದವನು ಸುತ್ತಲಿನವರನ್ನು ಅವರ ಒಪ್ಪಿಗೆಯಿಲ್ಲದೆ ತನ್ನ ಭೋಗದಲ್ಲಿ ಪಾಲುಗೊಳ್ಳುವಂತೆ ಬಲಾತ್ಕರಿಸುತ್ತಾನೆಂಬುದು ಅವನ ದೂರು. ರೈಲುಗಾಡಿಯ ಮುಚ್ಚಿದ ಡಬ್ಬಿಯಲ್ಲಿ ಸಿಹಿಸುಗಂಧವನ್ನು ಮೈತುಂಬ ಎರಚಿಕೊಂಡವರ ಪಕ್ಕದಲ್ಲಿ ರಾತ್ರಿಯ ಪ್ರಯಾಣ ಮಾಡಿದ ಯಾರೂ ಕಾಂಟನನ್ನು ಅರಸಿಕನೆನ್ನಲಾರರು. ಉಬ್ಬಸದವರಿಗೂ ಅರೆತಲೆನೋವಿನವರಿಗೂ ಇದು ಅಭಿರುಚಿಯ ಮಾತೇ ಅಲ್ಲ, ಆರೋಗ್ಯದ ಮಾತು. ಅದರಲ್ಲಿಯೂ ಸಿಹಿಯ ಜಾತಿಯವು ಹೆಚ್ಚು ಅಪಾಯಕರ. ಮೊದಲ ಗಳಿಗೆಯಲ್ಲಿ ಎಲ್ಲರಿಗೂ ಹಿತ, ಗಂಟೆ ಕಳೆದ ಮೇಲೆ ವಾಕರಿಕೆ. ಶಮಾಮದ ಖಾರ ಅದರ ಸಿಹಿಗೆ ಕಡಿವಾಣ ಹಾಕಿರುವುದರಿಂದಲೇ ಅದು ಹತ್ತು ಗಂಟೆ ಸಹ್ಯವಾಗಿರುತ್ತದೆಂದು ನನ್ನ ಅಭಿಪ್ರಾಯ. ಆದರೆ ಅದೂ ಅತಿಯಾದರೆ ಆಯುರ್ವೇದದ ಅಂಗಡಿಯೇ ನಡೆದುಬಂದಂತೆ ಆಗುತ್ತದೆ.

ಈ ದೋಷದ ಮೂಲ ಹಚ್ಚುವವನ ದುರ್ಬುದ್ಧಿಯಲ್ಲಿಲ್ಲ, ಮೂಗಿನ ರಚನೆಯಲ್ಲಿದೆ. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಮೂಗು ಅದನ್ನು ಸ್ವಲ್ಪ ಹೊತ್ತಿಗೇ ಗಮನಿಸುವುದನ್ನು ಬಿಟ್ಟುಬಿಡುತ್ತದೆ. ನಮ್ಮ ಮನೆಯ ವಾಸನೆ ನಮಗೆ ತಿಳಿಯದೆ ಅತಿಥಿಗೆ ತಿಳಿಯುವುದು ಇದರಿಂದಲೇ. ಹಚ್ಚಿಕೊಂಡವನಿಗೆ ಪರಿಮಳ ಹೋಯಿತೆಂದು ತೋರುತ್ತದೆ, ಮತ್ತೆ ಹಚ್ಚುತ್ತಾನೆ, ಎದುರಿನವನಿಗೆ ಎರಡರಷ್ಟಾಗುತ್ತದೆ. ಹೀಗಾಗಿ ತನ್ನ ಪರಿಮಳದ ಅಳತೆಯನ್ನು ನಿರ್ಣಯಿಸಲು ಎಲ್ಲರಿಗಿಂತ ಕಡಮೆ ಯೋಗ್ಯತೆಯುಳ್ಳವನು ಅದರ ಒಡೆಯನೇ. ಹಣ ಕೊಟ್ಟವನು ಅವನು, ಮೈ ಅವನದು, ಆದರೆ ಸಾಕ್ಷಿ ಹೇಳಬೇಕಾದವನು ಬೇರೊಬ್ಬ. ಒಡೆತನವೆಂಬ ಮಾತೇ ಇಲ್ಲಿ ಸಂದೇಹಕ್ಕೆ ಬೀಳುತ್ತದೆ.

ಆದರೂ ಕಾಂಟನ ನಿರ್ಣಯವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಅವನು ಕಂಡುದು ಕೊಡವಿದ ಕರವಸ್ತ್ರವನ್ನು. ಅತ್ತರನ್ನು ಬಳಸುವ ಹಳೆಯ ಕ್ರಮ ಅದಲ್ಲ. ಹತ್ತಿಯ ಒಂದು ಸಣ್ಣ ಬತ್ತಿಯನ್ನು ಅತ್ತರಿನಲ್ಲಿ ಅದ್ದಿ, ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವರು. ಇಲ್ಲವೆ ಮಣಿಕಟ್ಟಿಗೆ ಮುಟ್ಟಿಸಿ ಅದನ್ನೇ ಶಾಲಿನ ಅಂಚಿಗೆ ಒತ್ತುವರು. ಮದ್ಯಸಾರದಲ್ಲಿ ಕರಗಿಸಿದ ಸುಗಂಧವು ಸಿಂಪಡಿಸಿದೊಡನೆ ಕೋಣೆಯನ್ನೆಲ್ಲ ಆಕ್ರಮಿಸುತ್ತದೆ. ಎಣ್ಣೆಯಲ್ಲಿ ನಿಂತ ಅತ್ತರು ಮೈಯನ್ನು ಬಿಟ್ಟು ದೂರ ಹೋಗುವುದಿಲ್ಲ. ಸಭೆಗೆ ಅದು ತಿಳಿಯಬೇಕಾದುದಿಲ್ಲ. ಅಪ್ಪಿಕೊಂಡ ಗೆಳೆಯನಿಗೆ, ತೊಡೆಯ ಮೇಲೆ ಕುಳಿತ ಮಗುವಿಗೆ, ಜ್ವರದಲ್ಲಿ ಹಣೆಯನ್ನು ಮುಟ್ಟಿಸಿಕೊಂಡವನಿಗೆ ತಿಳಿಯುತ್ತದೆ. ಹತ್ತಿರ ಬರುವುದಕ್ಕೆ ಒಪ್ಪಿದವರೇ ಅದರ ಪಾಲುಗಾರರು. ಹೆಚ್ಚಾಯಿತೋ ಕಡಮೆಯಾಯಿತೋ ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಬೇಕು, ಅವರಲ್ಲಿಯೂ ನಾಚಿಕೆಯಿಲ್ಲದೆ ಹೇಳುವವರನ್ನು. ನನ್ನ ಅನುಭವದಲ್ಲಿ ಮಕ್ಕಳು ಈ ಕೆಲಸಕ್ಕೆ ಎಲ್ಲರಿಗಿಂತ ಮೇಲು. ಮಗು ಮುಖವನ್ನು ಹಿಂದಕ್ಕೆ ಎಳೆದುಕೊಂಡರೆ ಮಣಿಕಟ್ಟನ್ನು ತೊಳೆದುಕೊಂಡು ಬರುವುದು. ಕುತ್ತಿಗೆಯಲ್ಲಿ ಮುಖವಿಟ್ಟು ನಿದ್ದೆಹೋದರೆ ಹಾಗೆಯೇ ಕುಳಿತಿರುವುದು.